ಮೆದುಳನ್ನು ಅಂಗಾತ ಮಲಗಿಸಿ ನೋಡಿ

ಮೆದುಳಿನ ಚಿತ್ರ ಬರೆಯಿರಿ ಅಂದರೆ ಹೆಚ್ಚುಕಡಿಮೆ ಎಲ್ಲರೂ ಒಂದೇ ಚಿತ್ರ ಬರೆಯುತ್ತಾರೆ. ಪಕ್ಕದಿಂದ ನೋಡಿದ್ದು. ಮೇಲೆಲ್ಲ ಸುಕ್ಕು, ಹಿಂದುಗಡೆ ಕೆಳಗೆ ಒಂದು ಪುಟ್ಟ ಉಂಡೆ, ಅಲ್ಲಿಂದ ಇಳಿದ ಒಂದು ಬಾಲ. ಪುಸ್ತಕದ ಮುಖಪುಟದಲ್ಲೂ ಅದೇ, ಮೊಬೈಲಿನ ಇಮೋಜಿಯಲ್ಲೂ ಅದೇ. ನಾನು ಅನಾಟಮಿ ಪಾಠ ಮಾಡುವವಳು. ಡಿಸೆಕ್ಷನ್ ಹಾಲ್‌ನಲ್ಲಿ ಮೊದಲ ವರ್ಷದ ಮಕ್ಕಳು ಟ್ರೇ ಸುತ್ತ ನಿಂತಾಗ ನಾನು ಮೊದಲು ಮಾಡುವ ಕೆಲಸ, ಮೆದುಳನ್ನು ಎರಡೂ ಕೈಯಲ್ಲಿ ಎತ್ತಿ ಅಂಗಾತ ಮಲಗಿಸುವುದು. ಸುಕ್ಕುಗಳೆಲ್ಲ ಕೆಳಗೆ ಹೋಗಲಿ. ಅವುಗಳ ಸರದಿ ಆಮೇಲೆ.

ಮೇಲಿನಿಂದ ನೋಡಿದರೆ ಮೆದುಳು ಎಲ್ಲ ಕಡೆ ಒಂದೇ ತರ ಕಾಣುತ್ತದೆ. ಕೆಳಗಿನಿಂದ ನೋಡಿದರೆ ಪ್ರತಿ ಬೆರಳಗಲಕ್ಕೂ ಏನೋ ಒಂದು ಬೇರೆಯೇ ಇರುತ್ತದೆ. ಮುಂದೆ ಎರಡು ಉದ್ದನೆಯ ಕಡ್ಡಿಗಳು, ವಾಸನೆಯ ನರದ ದಾರಿ. ಅದರ ಹಿಂದೆ ಕಣ್ಣಿನ ನರಗಳು ಬಂದು ಕೂಡಿಕೊಳ್ಳುವ ಅಡ್ಡಹಾದಿ. ಅದರ ಬೆನ್ನಿಗೇ ಪಿಟ್ಯುಟರಿ ಗ್ರಂಥಿಯ ತೊಟ್ಟು. ನಡುವೆ ಉಬ್ಬಿಕೊಂಡಿರುವ ಪಾನ್ಸ್, ಮೆದುಳನ್ನು ಬೆನ್ನುಹುರಿಗೆ ಸೇರಿಸುವ ಮೆದುಳಕಾಂಡದ ಒಂದು ಭಾಗ. ಅದರ ಅಕ್ಕಪಕ್ಕದಿಂದ ಜೋಡಿ ಜೋಡಿಯಾಗಿ ಹೊರಬರುವ ನರಗಳು. ಕಣ್ಣು, ಕಿವಿ, ನಾಲಿಗೆ, ಮುಖ, ಗಂಟಲು, ಹೃದಯ, ಹೊಟ್ಟೆ ಎಲ್ಲದರ ಜೊತೆ ಮೆದುಳಿಗೆ ವ್ಯವಹಾರ ಇರುವುದು ಈ ಕೆಳಮುಖದಿಂದಲೇ. ಒಟ್ಟು ಹನ್ನೆರಡು ಜೋಡಿ. ಕಪಾಲ ನರಗಳು ಅಂತ ಕರೆಯುತ್ತೇವೆ.

ಹನ್ನೆರಡು ಹೆಸರನ್ನು ಬಾಯಿಪಾಠ ಮಾಡಲು ಮಕ್ಕಳ ಬಳಿ ಏನೇನೋ ಪೋಲಿ ಸಾಲುಗಳಿವೆ. ನನಗೆ ಅದರ ಮೇಲೆ ಕೋಪವಿಲ್ಲ, ಆದರೆ ನಂಬಿಕೆಯೂ ಇಲ್ಲ. ಹೆಸರು ಗೊತ್ತಿದ್ದು ದಾರಿ ಗೊತ್ತಿಲ್ಲದಿದ್ದರೆ ರೋಗಿಯ ಮುಂದೆ ಅದರಿಂದ ಏನೂ ಪ್ರಯೋಜನವಿಲ್ಲ. ನರ ಎಲ್ಲಿಂದ ಹೊರಡುತ್ತದೆ, ಯಾವ ತೂತಿನಲ್ಲಿ ಹೊರಗೆ ಹೋಗುತ್ತದೆ, ದಾರಿಯಲ್ಲಿ ಪಕ್ಕದಲ್ಲಿ ಯಾರಿದ್ದಾರೆ — ಇಷ್ಟು ಗೊತ್ತಿದ್ದರೆ ರೋಗದ ಅರ್ಧ ಕಥೆ ತಾನಾಗಿಯೇ ಬರುತ್ತದೆ.

ಈ ದಾರಿಯನ್ನು ಕಲಿಯಲು ಒಳ್ಳೆಯ ಉಪಾಯವೆಂದರೆ ತಲೆಬುರುಡೆಯಿಂದ ಮೆದುಳನ್ನು ಹೊರತೆಗೆಯುವುದನ್ನು ಪಕ್ಕದಲ್ಲಿ ನಿಂತು ನೋಡುವುದು. ಬುರುಡೆಯ ಮೇಲ್ಭಾಗವನ್ನು ಸುತ್ತಲೂ ಗರಗಸದಲ್ಲಿ ಕೊಯ್ದು ತೆಗೆದಮೇಲೆ ಬಿಳಿ ಬಣ್ಣದ ಗಟ್ಟಿ ಪೊರೆ ಕಾಣುತ್ತದೆ. ಡ್ಯೂರಾ. ಅದನ್ನು ಕತ್ತರಿಸಿ ಬಿಡಿಸಬೇಕು. ಆಮೇಲೆ ಹಣೆಯ ಕಡೆಯಿಂದ ನಾಲ್ಕು ಬೆರಳನ್ನು ಮೆದುಳಿನ ಅಡಿಗೆ ಮೆಲ್ಲಗೆ ತೂರಿಸಿ ಎತ್ತುತ್ತೇವೆ. ಮೊದಲು ಬಿಡಿಸಿಕೊಳ್ಳುವುದು ವಾಸನೆಯ ನರ. ಅದಕ್ಕೆ ಕತ್ತರಿಯೂ ಬೇಡ. ಮೂಗಿನ ಮಾಳಿಗೆಯ ಮೂಳೆಯಲ್ಲಿ ಜರಡಿಯ ಹಾಗೆ ಸಣ್ಣ ಸಣ್ಣ ತೂತುಗಳಿವೆ. ಅವುಗಳ ಮೂಲಕ ಮೇಲೆ ಬಂದ ಎಳೆಗಳು ಸುಮ್ನೆ ಎತ್ತಿದರೇ ಹರಿದುಹೋಗುತ್ತವೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಕೆಲವರಿಗೆ ಬೇರೆಲ್ಲ ಸರಿಯಾಗಿ ವಾಸನೆ ಮಾತ್ರ ಹೋಗಿಬಿಡುವುದು ಇದೇ ಕಾರಣಕ್ಕೆ. ಮೆದುಳು ಒಳಗೆ ಒಮ್ಮೆ ಅಲುಗಿದರೆ ಸಾಕು.

ಇನ್ನಷ್ಟು ಎತ್ತಿದರೆ ಕಣ್ಣಿನ ನರ. ದಪ್ಪ, ಬಿಳಿ, ಗಟ್ಟಿ. ಒಂದೊಂದರಲ್ಲೂ ಸುಮಾರು 10 ಲಕ್ಷ ಎಳೆಗಳು. ಇದನ್ನು ಕತ್ತರಿಸಿದ ಕೂಡಲೇ ಹಿಂದೆ ಕ್ಯಾರೊಟಿಡ್ ರಕ್ತನಾಳ, ಪಿಟ್ಯುಟರಿಯ ತೊಟ್ಟು, ಅದರ ಪಕ್ಕದಲ್ಲೇ ಮೂರನೇ ನರ. ಆಮೇಲೆ ಚಿಕ್ಕ ಮೆದುಳಿನ ಮೇಲೆ ಚಾವಣಿಯಂತೆ ಹರಡಿರುವ ಪೊರೆಯನ್ನು ಅಂಚಿನಲ್ಲಿ ಕೊಯ್ಯಬೇಕು. ಆ ಅಂಚಿಗೇ ಅಂಟಿಕೊಂಡು ನಾಲ್ಕನೇ ನರ ಹೋಗುತ್ತದೆ. ಹನ್ನೆರಡರಲ್ಲಿ ಎಲ್ಲಕ್ಕಿಂತ ಸಣ್ಣದು. "ಮೇಡಂ, ನಾಲ್ಕನೇದು ಕಿತ್ತುಹೋಯ್ತು" ಅನ್ನುವ ಮಾತು ಪ್ರತಿ ಬ್ಯಾಚಿನಲ್ಲೂ ಕೇಳಿಬರುತ್ತದೆ. ಕಿತ್ತುಹೋಗಲಿ, ಎಲ್ಲಿ ಕಿತ್ತಿತು ಅಂತ ತೋರಿಸು ಅನ್ನುತ್ತೇನೆ. ಮೆದುಳಕಾಂಡದ ಹಿಂಬದಿಯಿಂದ ಹೊರಡುವ ಕಪಾಲ ನರ ಇದೊಂದೇ. ಹಿಂದೆ ಹೊರಟು, ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ ದಾಟಿ, ಸುತ್ತಿ ಮುಂದೆ ಬರುತ್ತದೆ.

ಆಮೇಲೆ ಕತ್ತರಿ ಹಿಂದಕ್ಕೆ ಸಾಗುತ್ತದೆ. ದಪ್ಪನೆಯ ಐದನೇದು. ನಡುವಿನಲ್ಲಿ ಆರನೇದು. ಏಳು, ಎಂಟು ಜೊತೆಯಾಗಿಯೇ ಕಿವಿಯ ಮೂಳೆಯ ತೂತಿಗೆ ಇಳಿಯುತ್ತವೆ. ಒಂಬತ್ತು, ಹತ್ತು, ಹನ್ನೊಂದು ಮೂರೂ ಒಂದೇ ಬಾಗಿಲಲ್ಲಿ ಹೊರಗೆ ಹೋಗುತ್ತವೆ. ಕೊನೆಗೆ ಹನ್ನೆರಡು. ಆಮೇಲೆ ಕುತ್ತಿಗೆಯಿಂದ ಮೇಲೆ ಬಂದ ಎರಡು ರಕ್ತನಾಳ, ಅದಾದಮೇಲೆ ಬೆನ್ನುಹುರಿ. ಅದನ್ನು ಸಾಧ್ಯವಾದಷ್ಟು ಕೆಳಗೆ ಕತ್ತರಿಸಿದರೆ ಮೆದುಳು ಅಂಗೈಗೆ ಬಂದುಬಿಡುತ್ತದೆ. ಗಮನಿಸಿದಿರಾ? ನಾವು ಕತ್ತರಿಸಿದ ಕ್ರಮವೇ ನರಗಳ ನಂಬರು. ಮುಂದಿನಿಂದ ಹಿಂದಕ್ಕೆ, ಹೊರಗೆ ಹೋಗುವ ಸಾಲಿನಲ್ಲಿ. ಬಾಯಿಪಾಠ ಎಲ್ಲಿ ಬೇಕು?

ಕೆಳಗಿನಿಂದ ನೋಡುವ ಈ ಹಟ ನನ್ನದೊಂದೇ ಅಲ್ಲ. 1543ರಲ್ಲಿ ಅನಾಟಮಿ ಪಂಡಿತ ವೆಸೇಲಿಯಸ್ ಮೆದುಳಿನ ಅದ್ಭುತ ಚಿತ್ರಗಳನ್ನು ಅಚ್ಚು ಹಾಕಿಸಿದ. ಆದರೆ ಅವನದು ಹೆಚ್ಚಾಗಿ ತಲೆಬುರುಡೆಯೊಳಗೇ ಮೆದುಳನ್ನು ಇಟ್ಟುಕೊಂಡು ಮೇಲಿನಿಂದ ಪದರ ಪದರವಾಗಿ ಕೊಯ್ದು ನೋಡುವ ಪದ್ಧತಿ. ಕೆಳಗೆ ಮುಟ್ಟುವಷ್ಟರಲ್ಲಿ ಎಲ್ಲ ಕಲಸಿಹೋಗುತ್ತಿತ್ತು. ಇಟಲಿಯ ಕಾನ್‌ಸ್ಟಾಂಝೊ ವರೋಲಿಯೊ ಮೆದುಳನ್ನು ಹೊರಗೆ ತೆಗೆದು ತಿರುಗಿಸಿ ಕೆಳಗಿನಿಂದ ಕೊಯ್ಯಲು ಶುರುಮಾಡಿದ. 1573ರಲ್ಲಿ ಅದನ್ನು ಪ್ರಕಟಿಸಿದ. ಪಾನ್ಸ್‌ಗೆ ಇವತ್ತಿಗೂ ಅವನ ಹೆಸರಿದೆ. 1664ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಕೆಳಮುಖದ ರಕ್ತನಾಳಗಳ ಉಂಗುರವನ್ನು ಚೆನ್ನಾಗಿ ವಿವರಿಸಿದ. ಅವನ ಪುಸ್ತಕಕ್ಕೆ ಚಿತ್ರ ಬರೆದುಕೊಟ್ಟವರಲ್ಲಿ ಕ್ರಿಸ್ಟೋಫರ್ ರೆನ್ ಒಬ್ಬ. ಮುಂದೆ ಲಂಡನ್ನಿನ ಸೇಂಟ್ ಪಾಲ್ ಚರ್ಚ್ ಕಟ್ಟಿದ ಅದೇ ರೆನ್. ವಿಲ್ಲಿಸ್ ಎಣಿಸಿದ್ದು ಒಂಬತ್ತು ಜೋಡಿ ನರ. ಏಳು ಎಂಟನ್ನು ಸೇರಿಸಿ ಒಂದು, ಒಂಬತ್ತು ಹತ್ತು ಹನ್ನೊಂದನ್ನು ಸೇರಿಸಿ ಇನ್ನೊಂದು. ಒಂದೇ ಬಾಗಿಲಲ್ಲಿ ಹೋಗುವವರನ್ನು ಒಂದೇ ಮನೆಯವರು ಅಂದುಕೊಂಡಿದ್ದ, ಅಷ್ಟೆ. ಅವನ್ನು ಬಿಡಿಸಿ ಹನ್ನೆರಡು ಮಾಡಿದವನು ಜರ್ಮನಿಯ ಸೋಮರಿಂಗ್. 1778ರಲ್ಲಿ, ತನ್ನ ಡಾಕ್ಟರೇಟ್ ಪ್ರಬಂಧದಲ್ಲಿ. ಆಗ ಅವನಿಗೆ 23 ವರ್ಷ.

ಇನ್ನು ಮೆದುಳಿನ ಮೇಲ್ಭಾಗದ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಪಕ್ಷಪಾತ ಅನ್ನುತ್ತೀರಿ. ದೊಡ್ಡವರ ಮೆದುಳು ಸುಮಾರು 1,300ರಿಂದ 1,400 ಗ್ರಾಂ ತೂಗುತ್ತದೆ. ಅದು ದ್ರವದಲ್ಲಿ ತೇಲುತ್ತಿರುವುದರಿಂದ ತಲೆಯೊಳಗೆ ಅದರ ಭಾರ 50 ಗ್ರಾಂನಷ್ಟೂ ಅನ್ನಿಸುವುದಿಲ್ಲ. ಈ ತೇಲುವಿಕೆ ಇಲ್ಲದಿದ್ದರೆ ಮೆದುಳಿನ ಭಾರಕ್ಕೇ ಕೆಳಗಿನ ನರ, ರಕ್ತನಾಳ ಎಲ್ಲ ಅಪ್ಪಚ್ಚಿ. ನಾವು ಟ್ರೇಯಲ್ಲಿ ನೋಡುವ ಮೆದುಳು ಫಾರ್ಮಾಲಿನ್‌ನಲ್ಲಿ ನೆನೆದು ಗಟ್ಟಿಯಾದದ್ದು. ಜೀವಂತ ಮೆದುಳು ಎಷ್ಟು ಮೆತ್ತಗೆಂದರೆ ಮೇಜಿನ ಮೇಲಿಟ್ಟರೆ ತನ್ನ ಆಕಾರವನ್ನೇ ಉಳಿಸಿಕೊಳ್ಳುವುದಿಲ್ಲ.

ಮೇಲಿನ ಬೂದು ಪದರದ ದಪ್ಪ ಬರೀ 2ರಿಂದ 4 ಮಿಲಿಮೀಟರ್. ಅದರ ಸುಮಾರು ಮೂರನೇ ಎರಡು ಭಾಗ ಮಡಿಕೆಗಳೊಳಗೆ ಅಡಗಿರುತ್ತದೆ. ಹಣೆಯ ಹಿಂದೆ ಯೋಜನೆ, ಸಂಯಮ, ಚಲನೆ. ನೆತ್ತಿಯ ಕಡೆ ಸ್ಪರ್ಶ. ಕಿವಿಯ ಮೇಲೆ ಕೇಳುವುದು ಮತ್ತು ನೆನಪು. ತೀರಾ ಹಿಂದೆ ನೋಟ. 1861ರಲ್ಲಿ ಪ್ಯಾರಿಸ್ಸಿನಲ್ಲಿ ಪಾಲ್ ಬ್ರೋಕಾ ಒಬ್ಬ ರೋಗಿಯ ಮೆದುಳನ್ನು ಪರೀಕ್ಷೆ ಮಾಡಿದ. ಬೇರೆಯವರ ಮಾತು ಅರ್ಥವಾಗುತ್ತಿದ್ದರೂ ಆ ಮನುಷ್ಯನ ಬಾಯಲ್ಲಿ ವರ್ಷಗಟ್ಟಲೆ ಬರುತ್ತಿದ್ದದ್ದು 'ಟಾನ್' ಅನ್ನುವ ಒಂದೇ ಸದ್ದು. ಎಡ ಹಣೆಯ ಹಿಂದಿನ ಭಾಗ ಹಾಳಾಗಿತ್ತು. ಮಾತಿಗೆ ಮೆದುಳಿನಲ್ಲಿ ಒಂದು ಜಾಗ ಇದೆ ಅಂತ ಜನ ನಂಬಲು ಶುರುಮಾಡಿದ್ದು ಅಲ್ಲಿಂದ. ಅದನ್ನೇ ಎಳೆದು ಎಳೆದು ಈಗ ಎಡ ಮೆದುಳಿನವರು ಲೆಕ್ಕದವರು, ಬಲ ಮೆದುಳಿನವರು ಕಲಾವಿದರು ಅನ್ನುವ ಮಟ್ಟಕ್ಕೆ ತಂದಿದ್ದಾರೆ. ನನಗೆ ಇದನ್ನು ಕೇಳಿದರೆ ರೇಗುತ್ತದೆ. ಎರಡೂ ಪಾಲಿನ ನಡುವೆ ಸುಮಾರು 20 ಕೋಟಿ ಎಳೆಗಳ ಸೇತುವೆ ಇದೆ. ಅವು ಹಗಲೂ ರಾತ್ರಿ ಮಾತಾಡಿಕೊಂಡೇ ಇರುತ್ತವೆ. ಮೆದುಳಿನಲ್ಲಿ ಶೇಕಡಾ 10 ಮಾತ್ರ ಬಳಸುತ್ತೇವೆ ಅನ್ನುವುದೂ ಇದೇ ಜಾತಿಯ ಮಾತು. ದೇಹದ ತೂಕದಲ್ಲಿ ಶೇಕಡಾ 2ರಷ್ಟಿರುವ ಅಂಗ ದೇಹದ ಆಮ್ಲಜನಕದಲ್ಲಿ ಐದನೇ ಒಂದು ಪಾಲನ್ನು ಖಾಲಿ ಮಾಡುತ್ತದೆ. ಸುಮ್ನೆ ಕೂತಿರುವ ಮೆದುಳಿಗೆ ಇಷ್ಟು ಖರ್ಚು ಯಾಕೆ ಹೇಳಿ.

ಒಂದು ಲೆಕ್ಕ ಮಾತ್ರ ನನಗೆ ತುಂಬ ಇಷ್ಟ. ಬ್ರೆಜಿಲ್‌ನ ವಿಜ್ಞಾನಿ ಸುಜಾನಾ ಹರ್ಕುಲಾನೊ-ಹೌಜೆಲ್ ಮತ್ತು ಸಂಗಡಿಗರು ಮೆದುಳಿನ ಅಂಗಾಂಶವನ್ನು ಕರಗಿಸಿ ದ್ರವ ಮಾಡಿ, ಅದರಲ್ಲಿ ತೇಲುವ ಕೋಶಕೇಂದ್ರಗಳನ್ನು ಎಣಿಸುವ ಉಪಾಯ ಹೂಡಿದರು. 2009ರಲ್ಲಿ ಅವರು ಕೊಟ್ಟ ಉತ್ತರ, ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳು. ಅದರಲ್ಲಿ 6,900 ಕೋಟಿ ಇರುವುದು ಹಿಂದೆ ಕೆಳಗಿರುವ ಆ ಪುಟ್ಟ ಉಂಡೆಯಲ್ಲಿ, ಅಂದರೆ ಚಿಕ್ಕ ಮೆದುಳಿನಲ್ಲಿ. ತೂಕದಲ್ಲಿ ಅದು ಹತ್ತರಲ್ಲಿ ಒಂದು ಪಾಲು ಮಾತ್ರ. ನೋಡಿ, ಮತ್ತೆ ಕೆಳಗಿನವರೇ ಗೆದ್ದರು.

ಈಗ ನನ್ನ ಮೆಚ್ಚಿನ ನರಕ್ಕೆ ಬರುತ್ತೇನೆ. ಏಳನೇದು, ಮುಖದ ನರ.

ಒಂದು ಬೆಳಿಗ್ಗೆ ಚಿಕ್ಕಪ್ಪ ವಿಡಿಯೋ ಕಾಲ್ ಮಾಡಿದರು. ಫೋನನ್ನು ಚಿಕ್ಕಮ್ಮನ ಮುಖಕ್ಕೆ ಹಿಡಿದು, "ನೋಡಮ್ಮ ಇವಳ ಬಾಯಿ, ಒಂದು ಕಡೆ ಎಳ್ಕೊಂಡಿದೆ" ಅಂದರು. ಅವರ ಕೈ ನಡುಗುತ್ತಿತ್ತು, ಚಿತ್ರವೂ ನಡುಗುತ್ತಿತ್ತು. ಬಾಯಿ ಎಡಕ್ಕೆ ವಾಲಿತ್ತು. ಹಲ್ಲು ಉಜ್ಜಿ ಬಾಯಿ ಮುಕ್ಕಳಿಸುವಾಗ ಬಲ ಅಂಚಿನಿಂದ ನೀರು ಸೋರಿಹೋಯಿತಂತೆ. ಚಿಕ್ಕಪ್ಪನ ಮನಸ್ಸಿನಲ್ಲಿ ಇದ್ದದ್ದು ಒಂದೇ ಮಾತು, ಲಕ್ವ.

"ಚಿಕ್ಕಮ್ಮ, ಕೈ ಎರಡೂ ಮುಂದೆ ಚಾಚಿ." ಚಾಚಿದರು. ಎರಡೂ ನಿಂತವು.

"ಈಗ ಹುಬ್ಬು ಮೇಲೆತ್ತಿ, ಆಶ್ಚರ್ಯ ಆದಾಗ ಎತ್ತುತ್ತೀರಲ್ಲ, ಹಾಗೆ."

"ಎಲ್ಲಿ ಎತ್ತೋದು, ಈ ಕಡೆದು ಏಳ್ತಾನೇ ಇಲ್ವಲ್ಲೇ!"

ಎಡ ಹಣೆಯಲ್ಲಿ ಗೆರೆ ಮೂಡಿತು. ಬಲ ಹಣೆ ಇಸ್ತ್ರಿ ಹಾಕಿದಷ್ಟು ನುಣುಪು. ನನಗೆ ಸ್ವಲ್ಪ ಉಸಿರು ಬಂತು. ಹೇಳುತ್ತೇನೆ ಯಾಕೆ ಅಂತ.

ಮುಖದ ಕೆಳಭಾಗಕ್ಕೆ ಅಪ್ಪಣೆ ಬರುವುದು ಮೆದುಳಿನ ಎದುರು ಪಾಲಿನಿಂದ ಮಾತ್ರ. ಬಲ ತುಟಿಗೆ ಎಡ ಮೆದುಳಿನಿಂದ. ಆದರೆ ಹಣೆಗೆ ಎರಡೂ ಪಾಲಿನಿಂದ ಅಪ್ಪಣೆ ಬರುತ್ತದೆ. ಹಾಗಾಗಿ ಮೆದುಳಿನ ಮೇಲ್ಭಾಗದಲ್ಲಿ ಸ್ಟ್ರೋಕ್ ಆದರೆ ಬಾಯಿ ವಾಲುತ್ತದೆ, ಹಣೆ ಉಳಿದುಕೊಳ್ಳುತ್ತದೆ. ಹಣೆಯೂ ಸೇರಿ ಅರ್ಧ ಮುಖವೇ ಸುಮ್ಮನಾದರೆ ತೊಂದರೆ ಸಾಮಾನ್ಯವಾಗಿ ನರದಲ್ಲಿ, ಅದು ಮೆದುಳು ಬಿಟ್ಟು ಹೊರಟ ಮೇಲಿನ ದಾರಿಯಲ್ಲಿ. ಇದಕ್ಕೆ ಬೆಲ್ಸ್ ಪಾಲ್ಸಿ ಅಂತ ಹೆಸರು. ಸ್ಕಾಟ್ಲೆಂಡಿನ ಚಾರ್ಲ್ಸ್ ಬೆಲ್ ಮುಖದ ನರಗಳ ಬಗ್ಗೆ 1821ರಲ್ಲಿ ಬರೆದ, ಅವನ ಹೆಸರೇ ನಿಂತಿತು.

ಆದರೂ ನಾನು ಫೋನಿನಲ್ಲಿ ಹೇಳಿದ್ದು, "ಈಗಲೇ ಆಸ್ಪತ್ರೆಗೆ ಹೊರಡಿ." ನೀವೂ ಇದನ್ನು ಓದಿಕೊಂಡು ಮನೆಯಲ್ಲೇ ಹಣೆ ನೋಡಿ ತೀರ್ಮಾನ ಮಾಡಬೇಡಿ. ಮೆದುಳಕಾಂಡದಲ್ಲಿ, ಆ ನರ ಹುಟ್ಟುವ ಜಾಗದಲ್ಲೇ ಸ್ಟ್ರೋಕ್ ಆದರೂ ಹಣೆ ಹೋಗಬಹುದು. ಮುಖ ಇದ್ದಕ್ಕಿದ್ದಂತೆ ವಾಲಿದರೆ ಓಡಬೇಕು, ಅಷ್ಟೆ. ಬೆಲ್ಸ್ ಪಾಲ್ಸಿಯಾದರೂ ಸ್ಟಿರಾಯ್ಡ್ ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಜಾಸ್ತಿ ಉಪಯೋಗ.

ಯಾಕೆ ಈ ನರವೇ ಹೀಗೆ ಸಿಕ್ಕಿಹಾಕಿಕೊಳ್ಳುತ್ತದೆ? ದಾರಿ ನೋಡಿ. ಕಿವಿಯ ಮೂಳೆಯೊಳಗೆ ಸುಮಾರು 3 ಸೆಂಟಿಮೀಟರ್ ಉದ್ದದ ಕಿರಿದಾದ ಕಾಲುವೆಯಲ್ಲಿ ಅದು ತಿರುವು ತೆಗೆದುಕೊಳ್ಳುತ್ತಾ ಇಳಿಯುತ್ತದೆ. ಅತಿ ಇಕ್ಕಟ್ಟಾದ ಕಡೆ ಅಗಲ ಒಂದು ಮಿಲಿಮೀಟರ್‌ಗಿಂತಲೂ ಕಡಿಮೆ. ಗೋಡೆಯೊಳಗೆ ಹುದುಗಿಸಿದ ಪೈಪಿನಲ್ಲಿ ವೈರು ಊದಿಕೊಂಡ ಹಾಗೆ. ಸುತ್ತ ಮೂಳೆ ಇರುವುದರಿಂದ ಊತಕ್ಕೆ ಹೋಗಲು ಜಾಗವಿಲ್ಲ, ತನ್ನನ್ನು ತಾನೇ ಹಿಸುಕಿಕೊಳ್ಳುತ್ತದೆ.

ದಾರಿಯುದ್ದಕ್ಕೂ ಅದು ಕವಲು ಬಿಡುತ್ತಾ ಹೋಗುತ್ತದೆ. ಮೊದಲು ಕಣ್ಣೀರಿನ ಗ್ರಂಥಿಗೆ ಒಂದು. ಆಮೇಲೆ ಕಿವಿಯೊಳಗಿನ ಸ್ಟೆಪೀಡಿಯಸ್ ಅನ್ನುವ ಸ್ನಾಯುವಿಗೆ ಒಂದು. ದೇಹದ ಅತಿ ಸಣ್ಣ ಮೂಳೆಯನ್ನು ಹಿಡಿದೆಳೆದು ದೊಡ್ಡ ಸದ್ದನ್ನು ತಗ್ಗಿಸುವುದು ಅದರ ಕೆಲಸ. ಅದಾದಮೇಲೆ ನಾಲಿಗೆಯ ಮುಂದಿನ ಮೂರನೇ ಎರಡು ಭಾಗದ ರುಚಿಗೆ ಒಂದು. ಆಮೇಲಷ್ಟೇ ಮುಖದ ಸ್ನಾಯುಗಳಿಗೆ. ಚಿಕ್ಕಮ್ಮ ಹೇಳಿದ್ದರು, "ಬಲಗಿವಿಗೆ ತಟ್ಟೆ ಸದ್ದು ಕೂಡ ಚುಚ್ಚಿದ ಹಾಗೆ ಕೇಳುತ್ತೆ, ನಾಲಿಗೆ ಒಂದು ಪಕ್ಕ ಸಪ್ಪೆ." ಡಾಕ್ಟರು ಸುಮ್ಮನೆ ತಲೆಯಾಡಿಸಿದರಂತೆ. ಚಿಕ್ಕಮ್ಮನಿಗೆ ಅದು ಅಸಡ್ಡೆ ಅನ್ನಿಸಿತು. ನಿಜ ಏನೆಂದರೆ ಆ ಎರಡು ವಾಕ್ಯದಲ್ಲಿ ಅವರು ತೊಂದರೆಯ ವಿಳಾಸವನ್ನೇ ಕೊಟ್ಟುಬಿಟ್ಟಿದ್ದರು. ಕಿವಿಗೆ ಹೋಗುವ ಕವಲೂ ರುಚಿಯ ಕವಲೂ ಕೆಟ್ಟಿವೆ ಅಂದರೆ ಪೆಟ್ಟು ಬಿದ್ದಿರುವುದು ಅವೆರಡಕ್ಕಿಂತ ಮೇಲೆ. ಬಿಡಿಸಿ ಹೇಳಿದಮೇಲೆ, "ಅದನ್ನ ಅವರೇ ಹೇಳಬಹುದಿತ್ತಲ್ಲ" ಅಂದರು. ಹೌದು, ಹೇಳಬಹುದಿತ್ತು.

ಕೆಲವು ತಿಂಗಳಲ್ಲಿ ಮುಖ ಮೊದಲಿನಂತಾಯಿತು. ಹೆಚ್ಚಿನವರಿಗೆ ಹಾಗೇ ಆಗುತ್ತದೆ. ಅಲ್ಲಿಯವರೆಗೆ ಕಾಪಾಡಬೇಕಾದದ್ದು ಕಣ್ಣನ್ನು. ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ, ಕಣ್ಣು ಒಣಗಿ ಹುಣ್ಣಾಗಬಹುದು. ಹಗಲು ಡ್ರಾಪ್ಸ್, ರಾತ್ರಿ ಮುಲಾಮು ಹಾಕಿ ರೆಪ್ಪೆ ಅಂಟಿಸಿ ಮಲಗುವುದು. ಈಗ ಚಿಕ್ಕಮ್ಮ ಜೋರಾಗಿ ನಕ್ಕರೆ ಬಲಗಣ್ಣು ತುಸು ಮುಚ್ಚಿಕೊಳ್ಳುತ್ತದೆ. ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ವೇಗದಲ್ಲಿ ಮತ್ತೆ ಬೆಳೆದ ಎಳೆಗಳಲ್ಲಿ ಕೆಲವು ಬಾಯಿಗೆ ಹೋಗುವ ಬದಲು ಕಣ್ಣಿಗೆ ಹೋಗಿ ಸೇರಿಕೊಂಡಿವೆ. ಕೆಲವರಿಗೆ ಜೊಲ್ಲಿನ ಗ್ರಂಥಿಗೆ ಹೋಗಬೇಕಾದ ಎಳೆ ಕಣ್ಣೀರಿನ ಗ್ರಂಥಿಗೆ ಹೋಗುತ್ತದೆ. ಅವರಿಗೆ ಊಟ ಮಾಡುವಾಗೆಲ್ಲ ಒಂದು ಕಣ್ಣಲ್ಲಿ ನೀರು.

ನಗುವಿನ ವಿಷಯ ಬಂತಲ್ಲ, ಇದನ್ನೂ ಹೇಳಬೇಕು. ಫೋಟೋಗೆ ಬೇಕಂತಲೇ ನಗುವುದು, ತಾನಾಗಿ ಬರುವ ನಗು, ಇವೆರಡಕ್ಕೂ ಕೊನೆಯ ನರ ಒಂದೇ ಆದರೂ ಮೆದುಳಿನೊಳಗಿನ ದಾರಿ ಬೇರೆ ಬೇರೆ. ಸ್ಟ್ರೋಕ್ ಆದ ಕೆಲವರಿಗೆ ನಗಿ ಅಂದರೆ ಬಾಯಿ ವಾಲುತ್ತದೆ. ಮೊಮ್ಮಗು ಏನೋ ಚೇಷ್ಟೆ ಮಾಡಿದರೆ ಅದೇ ಬಾಯಿ ಎರಡೂ ಕಡೆ ಸಮವಾಗಿ ಅರಳುತ್ತದೆ. ಮೊದಲ ಸಲ ನೋಡಿದಾಗ ರೋಗಿ ನಾಟಕ ಮಾಡುತ್ತಿದ್ದಾರೆ ಅಂತ ಮನೆಯವರಿಗೆ ಅನುಮಾನ ಬರುವುದೂ ಉಂಟು. ನಾಟಕ ಅಲ್ಲ, ಒಂದು ದಾರಿ ಮುಚ್ಚಿದೆ, ಇನ್ನೊಂದು ತೆರೆದಿದೆ.

ಕಣ್ಣಿನ ಗುಡ್ಡೆ ಹೊರಳಿಸುವುದಕ್ಕೆ ಮೂರು ನರ ಬೇಕು. ಆರು ಸ್ನಾಯುಗಳಿಗೆ ಮೂರು ನರ ಅಂದರೆ ದುಂದು ಅನ್ನಿಸಬಹುದು. ಮೂರನೇದು ನಾಲ್ಕು ಸ್ನಾಯುಗಳ ಜೊತೆಗೆ ರೆಪ್ಪೆ ಎತ್ತುವುದನ್ನೂ ಪಾಪೆ ಕುಗ್ಗಿಸುವುದನ್ನೂ ನೋಡಿಕೊಳ್ಳುತ್ತದೆ. ಇಲ್ಲಿ ಒಂದು ಚಂದದ ಸಂಗತಿ ಇದೆ. ಪಾಪೆಗೆ ಹೋಗುವ ಎಳೆಗಳು ಈ ನರದ ಹೊರಮೈಯಲ್ಲಿ ಇರುತ್ತವೆ. ಹೊರಗಿನಿಂದ ಏನಾದರೂ ಒತ್ತಿದರೆ, ಉದಾಹರಣೆಗೆ ಪಕ್ಕದ ರಕ್ತನಾಳ ಬುಗ್ಗೆಯಂತೆ ಉಬ್ಬಿದರೆ, ಮೊದಲು ಕೆಡುವುದು ಪಾಪೆ. ಅದು ಅಗಲವಾಗಿ ನಿಂತುಬಿಡುತ್ತದೆ. ಸಕ್ಕರೆ ಕಾಯಿಲೆಯಲ್ಲಿ ನರದ ಒಳತಿರುಳಿಗೆ ರಕ್ತ ಸಾಲದೆ ಹೋಗುತ್ತದೆ. ಆಗ ರೆಪ್ಪೆ ಬೀಳುತ್ತದೆ, ಕಣ್ಣು ಹೊರಕ್ಕೆ ತಿರುಗುತ್ತದೆ, ಪಾಪೆ ಮಾತ್ರ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಮೊದಲನೆಯದು ಜೀವಕ್ಕೆ ಅಪಾಯ, ಸ್ಕ್ಯಾನಿಗೆ ತಡ ಮಾಡುವಂತಿಲ್ಲ. ಇದನ್ನು ಮೊದಲು ತಿಳಿಸಿಕೊಡುವುದು ಒಂದು ಟಾರ್ಚು.

ನಾಲ್ಕನೇ ನರ ಕೆಟ್ಟವರು ಬರುವುದು ವಿಚಿತ್ರ ದೂರು ಹೊತ್ತುಕೊಂಡು. ಮೆಟ್ಟಿಲು ಇಳಿಯುವಾಗ ಒಂದು ಮೆಟ್ಟಿಲು ಎರಡಾಗಿ ಕಾಣುತ್ತದೆ. ಪುಸ್ತಕ ಓದುವಾಗ ಸಾಲು ಎರಡಾಗುತ್ತದೆ. ಕಣ್ಣನ್ನು ಒಳಗೂ ಕೆಳಗೂ ತಿರುಗಿಸುವ ಸ್ನಾಯು ಅದರ ಕೈಯಲ್ಲಿದೆ, ಅದಕ್ಕೆ. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿದರೆ ಎರಡು ಒಂದಾಗುತ್ತದೆ. ಎಷ್ಟೋ ಮಂದಿ ತಮಗೇ ಗೊತ್ತಿಲ್ಲದೆ ಹಳೆಯ ಫೋಟೋಗಳಲ್ಲೆಲ್ಲ ತಲೆ ವಾಲಿಸಿಕೊಂಡೇ ನಿಂತಿರುತ್ತಾರೆ. ಕುತ್ತಿಗೆ ನೋವು ಅಂತ ಬಂದವರ ಹಳೆಯ ಫೋಟೋ ಕೇಳುವ ಕಣ್ಣಿನ ಡಾಕ್ಟರು ಸಿಕ್ಕರೆ ಆಶ್ಚರ್ಯಪಡಬೇಡಿ.

ಎಂಟನೇ ನರವನ್ನು ನೀವು ಈಗಲೇ ಕೂತಲ್ಲೇ ಪರೀಕ್ಷೆ ಮಾಡಬಹುದು. ಹೆಬ್ಬೆರಳನ್ನು ಕಣ್ಣ ಮುಂದೆ ಹಿಡಿದು, ತಲೆ ಅಲುಗಿಸದೆ, ಬೆರಳನ್ನು ಬೇಗ ಬೇಗ ಎಡಕ್ಕೂ ಬಲಕ್ಕೂ ಆಡಿಸಿ. ಉಗುರು ಮಸುಕಾಗುತ್ತದೆ. ಈಗ ಬೆರಳನ್ನು ನಿಲ್ಲಿಸಿ, ಅಷ್ಟೇ ವೇಗದಲ್ಲಿ ತಲೆ ಅಲ್ಲಾಡಿಸಿ. ಉಗುರಿನ ಅಂಚು ಕೂಡ ಸ್ಪಷ್ಟ, ಅಲ್ವಾ? ಎರಡರಲ್ಲೂ ಕಣ್ಣಿನ ಮುಂದಿನ ಚಲನೆ ಒಂದೇ. ಆದರೆ ಬೆರಳನ್ನು ನೋಡಿ ಹಿಂಬಾಲಿಸಲು ಮೆದುಳಿಗೆ ಹತ್ತಿರ ಹತ್ತಿರ ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ತಲೆ ತಿರುಗಿದ್ದನ್ನು ಒಳಗಿವಿ ಎಂಟನೇ ನರದ ಮೂಲಕ ಮೆದುಳಕಾಂಡಕ್ಕೆ ಹೇಳಿ, ಅಲ್ಲಿಂದ ನೇರ ಮೂರು ಮತ್ತು ಆರನೇ ನರಕ್ಕೆ ಅಪ್ಪಣೆ ಹೋಗಿ, ಕಣ್ಣು ಎದುರು ದಿಕ್ಕಿಗೆ ಹೊರಳಲು ಸೆಕೆಂಡಿನ ನೂರನೇ ಒಂದು ಭಾಗ ಸಾಕು. ಮೇಲಿನ ಸುಕ್ಕುಗಳ ಅಪ್ಪಣೆಗೆ ಯಾರೂ ಕಾಯುವುದಿಲ್ಲ. ಒಳಗಿವಿಯ ಈ ಭಾಗ ಎರಡೂ ಕಡೆ ಹಾಳಾದವರಿಗೆ ನಡೆಯುವಾಗ ಇಡೀ ರಸ್ತೆಯೇ ಕುಣಿಯುತ್ತದೆ. ಅಂಗಡಿ ಬೋರ್ಡು ಓದಬೇಕಾದರೆ ನಿಂತುಕೊಳ್ಳಬೇಕು.

ಐದನೇದರ ಬಗ್ಗೆ ಒಂದೇ ಮಾತು. ಮೆದುಳಿಗೆ ತನ್ನದೇ ನೋವು ಗೊತ್ತಾಗುವುದಿಲ್ಲ. ಎಚ್ಚರವಾಗಿರುವ ರೋಗಿಯ ಜೊತೆ ಮಾತಾಡುತ್ತಲೇ ಸರ್ಜನ್ ಮೆದುಳನ್ನು ಕೊಯ್ಯಬಲ್ಲರು. ತಲೆನೋವು ಬರುವುದು ಅದರ ಹೊದಿಕೆ, ರಕ್ತನಾಳಗಳಿಂದ. ಆ ಸುದ್ದಿಯನ್ನು ಹೆಚ್ಚಾಗಿ ತರುವುದು ಐದನೇ ನರ. ಮುಖದ ಚರ್ಮಕ್ಕೂ ಅದೇ ನರವಾದ್ದರಿಂದ ಒಳಗಿನ ನೋವು ಹಣೆಯಲ್ಲಿ, ಕಣ್ಣ ಹಿಂದೆ ಕೂತ ಹಾಗೆ ಅನ್ನಿಸುತ್ತದೆ.

ಹತ್ತನೇದು ವೇಗಸ್. ಕುತ್ತಿಗೆ, ಎದೆ, ಹೊಟ್ಟೆಯವರೆಗೂ ಇಳಿಯುತ್ತದೆ. ಈಚೆಗೆ ಇದಕ್ಕೆ ಸಿಕ್ಕಾಪಟ್ಟೆ ಪ್ರಚಾರ. ತಣ್ಣೀರು ಎರಚಿಕೊಂಡರೆ ವೇಗಸ್ ಸರಿಹೋಗುತ್ತದೆ, ಗುನುಗಿದರೆ ವೇಗಸ್ ಸರಿಹೋಗುತ್ತದೆ ಅಂತ ದಿನಕ್ಕೊಂದು ವಿಡಿಯೋ. ಮುಖಕ್ಕೆ ತಣ್ಣೀರು ತಾಗಿದರೆ ಎದೆಬಡಿತ ನಿಧಾನವಾಗುವುದು ನಿಜ. ಅಲ್ಲಿಂದ ಸಕಲ ರೋಗಕ್ಕೂ ಮದ್ದು ಅನ್ನುವಲ್ಲಿಗೆ ಹೇಗೆ ಹಾರುತ್ತಾರೋ.

ಅದರ ನಿಜವಾದ ಕಥೆಗಳೇ ಸಾಕಷ್ಟು ರುಚಿಯಾಗಿವೆ. ಕಿವಿಯಲ್ಲಿ ಕಡ್ಡಿ ಆಡಿಸಿದಾಗ ಕೆಲವರಿಗೆ ಕೆಮ್ಮು ಬರುತ್ತದೆ. ಕಿವಿಯ ಕಾಲುವೆಗೆ ವೇಗಸ್‌ನ ಒಂದು ಪುಟ್ಟ ಕವಲು ಬರುತ್ತದೆ. ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ಮೆದುಳು ಮೋಸಹೋಗುತ್ತದೆ. ಇನ್ನೊಂದು, ಧ್ವನಿಯ ನರ. ಧ್ವನಿಪೆಟ್ಟಿಗೆ ಇರುವುದು ಕುತ್ತಿಗೆಯಲ್ಲಿ. ಆದರೆ ಎಡಗಡೆಯ ನರ ಮೊದಲು ಎದೆಯೊಳಕ್ಕೆ ಇಳಿದು, ಹೃದಯದಿಂದ ಹೊರಟ ದೊಡ್ಡ ರಕ್ತನಾಳದ ಕಮಾನನ್ನು ಸುತ್ತುಹಾಕಿ, ಮತ್ತೆ ಮೇಲೆ ಬರುತ್ತದೆ. ಭ್ರೂಣದಲ್ಲಿ ಆ ನಾಳ ಕುತ್ತಿಗೆಯ ಹತ್ತಿರವೇ ಇತ್ತು. ಅದು ಎದೆಗೆ ಇಳಿದಾಗ ನರವನ್ನೂ ಎಳೆದುಕೊಂಡು ಹೋಯಿತು. ಜಿರಾಫೆಯಲ್ಲೂ ಇದೇ ಸುತ್ತು, ಅದಕ್ಕೆ ಮೀಟರುಗಟ್ಟಲೆ ದಂಡದ ದಾರಿ. ಹಾಗಾಗಿ ವಾರಗಟ್ಟಲೆ ಹೋಗದ ಗೊಗ್ಗರು ಧ್ವನಿಗೆ ಕಾರಣ ಕೆಲವೊಮ್ಮೆ ಗಂಟಲಲ್ಲಿ ಅಲ್ಲ, ಎಡ ಶ್ವಾಸಕೋಶದ ಗಡ್ಡೆಯಲ್ಲಿ ಸಿಗುತ್ತದೆ. ಎರಡನೇ ಶತಮಾನದ ರೋಮ್‌ನಲ್ಲಿ ಗ್ಯಾಲೆನ್ ಅನ್ನುವ ವೈದ್ಯ ಅರಚುವ ಹಂದಿಯ ಈ ನರಗಳನ್ನು ಕತ್ತರಿಸಿ ಅದು ಮೂಕವಾಗುವುದನ್ನು ಜನರ ಮುಂದೆ ತೋರಿಸಿದ್ದ. ಹಂದಿಯ ಪಾಡು ಬೇಡ.

ಒಂದು ನರ ಇನ್ನೊಂದು ಕೋಶಕ್ಕೆ ಸುದ್ದಿ ಹೇಗೆ ದಾಟಿಸುತ್ತದೆ ಅನ್ನುವುದು ಗೊತ್ತಾದದ್ದೂ ವೇಗಸ್‌ನಿಂದಲೇ. ಆಟೊ ಲೋವಿ ಅನ್ನುವ ವಿಜ್ಞಾನಿ 1921ರಲ್ಲಿ ಪ್ರಕಟಿಸಿದ ಪ್ರಯೋಗ. ಎರಡು ಕಪ್ಪೆ ಹೃದಯ. ಒಂದರ ವೇಗಸ್‌ಗೆ ವಿದ್ಯುತ್ ಕೊಟ್ಟಾಗ ಬಡಿತ ನಿಧಾನವಾಯಿತು. ಅದರ ಸುತ್ತಲಿನ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದ. ಯಾರೂ ಮುಟ್ಟದಿದ್ದರೂ ಅದೂ ನಿಧಾನವಾಯಿತು. ಅಂದರೆ ನರ ಒಂದು ರಾಸಾಯನಿಕವನ್ನು ಬಿಡುತ್ತದೆ. ಈ ಉಪಾಯ ಕನಸಿನಲ್ಲಿ ಹೊಳೆಯಿತು, ಎದ್ದು ಬರೆದಿಟ್ಟೆ, ಬೆಳಿಗ್ಗೆ ನನ್ನ ಬರಹ ನನಗೇ ಓದಲಾಗಲಿಲ್ಲ, ಮಾರನೇ ರಾತ್ರಿ ಮತ್ತೆ ಹೊಳೆದಾಗ ನೇರ ಲ್ಯಾಬಿಗೆ ಓಡಿದೆ ಅಂತ ಅವನೇ ಹೇಳಿಕೊಂಡಿದ್ದಾನೆ. 1936ರಲ್ಲಿ ಹೆನ್ರಿ ಡೇಲ್ ಜೊತೆ ನೊಬೆಲ್ ಬಂತು.

ಕೆಳಮುಖ ಯಾಕೆ ಮುಖ್ಯ ಅನ್ನುವುದು ಐಸಿಯುನಲ್ಲಿ ಗೊತ್ತಾಗುತ್ತದೆ. ವೆಂಟಿಲೇಟರ್ ಮೇಲಿರುವ, ಯಾವುದಕ್ಕೂ ಸ್ಪಂದಿಸದ ಒಬ್ಬರ ಮೆದುಳು ಬದುಕಿದೆಯೋ ಇಲ್ಲವೋ ಅಂತ ತೀರ್ಮಾನ ಮಾಡುವಾಗ ಡಾಕ್ಟರು ಹಾಸಿಗೆಯ ಪಕ್ಕ ನಿಂತು ನೋಡುವುದು ಈ ನರಗಳನ್ನೇ. ಕಣ್ಣಿಗೆ ಬೆಳಕು ಬಿಟ್ಟರೆ ಪಾಪೆ ಕುಗ್ಗುತ್ತದೆಯೇ — ಎರಡು ಮತ್ತು ಮೂರು. ಕಣ್ಣಿನ ಗಾಜಿನಂಥ ಮೈಗೆ ಹತ್ತಿ ತಾಗಿಸಿದರೆ ರೆಪ್ಪೆ ಮಿಟುಕುತ್ತದೆಯೇ — ಐದು ಮತ್ತು ಏಳು. ಕಿವಿಗೆ ಐಸ್ ನೀರು ಬಿಟ್ಟರೆ ಕಣ್ಣು ಹೊರಳುತ್ತದೆಯೇ — ಎಂಟು, ಮೂರು, ಆರು. ಗಂಟಲು ಮುಟ್ಟಿದರೆ ಓಕರಿಕೆ, ಶ್ವಾಸನಾಳಕ್ಕೆ ಕೊಳವೆ ಇಳಿಸಿದರೆ ಕೆಮ್ಮು — ಒಂಬತ್ತು ಮತ್ತು ಹತ್ತು. ಕೊನೆಗೆ ವೆಂಟಿಲೇಟರ್ ಬಿಡಿಸಿ, ಆಮ್ಲಜನಕ ಕೊಡುತ್ತಲೇ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೂ ಸ್ವಂತ ಉಸಿರು ಬರುತ್ತದೆಯೇ ಅಂತ ನೋಡುವುದು. ಈ ನರಗಳು ಪಾನ್ಸ್‌ನ ಮೇಲೆ, ಅಕ್ಕಪಕ್ಕ, ಕೆಳಗೆ ಸಾಲಾಗಿ ಹೊರಡುವುದರಿಂದ ಒಂದೊಂದು ಪರೀಕ್ಷೆಯೂ ಮೆದುಳಕಾಂಡದ ಒಂದೊಂದು ಅಂತಸ್ತಿನ ಬಾಗಿಲು ತಟ್ಟುತ್ತದೆ. ಮೇಲಿನ ಸುಕ್ಕುಗಳು ಕೆಟ್ಟರೂ ಮನುಷ್ಯ ಉಸಿರಾಡಬಹುದು. ಇಲ್ಲಿ ಹೆಬ್ಬೆರಳು ಗಾತ್ರದ ಜಾಗ ಪೂರ್ತಿ ಕೆಟ್ಟರೆ ಇಲ್ಲ.

ಮಿಕ್ಕಿದ್ದು ಹನ್ನೊಂದು, ಹನ್ನೆರಡು. ಪರೀಕ್ಷೆಯಲ್ಲಿ ಮಕ್ಕಳನ್ನು ಎಡವಿಸುವುದು ಇವೇ. ಹನ್ನೊಂದನೇದು ಹೆಗಲು ಹಾರಿಸುವ ಮತ್ತು ಕುತ್ತಿಗೆ ತಿರುಗಿಸುವ ಸ್ನಾಯುಗಳಿಗೆ. ಬಲಗಡೆಯ ಕುತ್ತಿಗೆ ಸ್ನಾಯು ಮುಖವನ್ನು ಎಡಕ್ಕೆ ತಿರುಗಿಸುತ್ತದೆ, ಹಾಗಾಗಿ ಬಲ ನರ ಕೆಟ್ಟರೆ ಎಡಕ್ಕೆ ತಿರುಗುವುದು ಕಷ್ಟ. ಹನ್ನೆರಡನೇದು ನಾಲಿಗೆಗೆ. ಬಲಗಡೆ ನರ ಕೆಟ್ಟವರು ನಾಲಿಗೆ ಚಾಚಿದರೆ ಅದು ಬಲಕ್ಕೇ ವಾಲುತ್ತದೆ. ಕೆಟ್ಟ ಕಡೆಗೆ ಯಾಕೆ ಮೇಡಂ, ಒಳ್ಳೆಯ ಕಡೆಯೇ ಎಳೆಯಬೇಕಲ್ವಾ ಅಂತ ಕೇಳುತ್ತಾರೆ. ನಾಲಿಗೆಯನ್ನು ಹೊರಗೆ ಚಾಚುವ ಸ್ನಾಯು ಅದರ ಬುಡವನ್ನು ಮುಂದಕ್ಕೆ ಎಳೆಯುತ್ತದೆ, ಅದರಿಂದ ತುದಿಯನ್ನು ಮುಂದಕ್ಕೂ ಆಚೆ ಪಕ್ಕಕ್ಕೂ ತಳ್ಳಿದಂತಾಗುತ್ತದೆ. ಎಡದ್ದು ಬಲಕ್ಕೆ ತಳ್ಳುತ್ತಿದೆ, ಬಲದ್ದು ವಾಪಸ್ ತಳ್ಳುತ್ತಿಲ್ಲ.